ದೊರೆ ಒಲೆಯ ತಣ್ಣೀರು

ಮಧುಗಿರಿಯಲ್ಲಿ ಒಂದು ಬೇಸಿಗೆ ಕಳೆದವರಿಗೆ ಆ ಬೆಟ್ಟದ ಸ್ವಭಾವ ಗೊತ್ತಿರುತ್ತದೆ. ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ಅಷ್ಟನ್ನೂ ಊರಿನ ಮೇಲೆ ಸುರಿಯುತ್ತದೆ. ಅಂಥ ಊರಿನಲ್ಲಿ, ಮನೆಯ ಪಡಸಾಲೆಯಲ್ಲಿ, ಚಳಿ ಕಾಯಿಸಿಕೊಳ್ಳಲೆಂದು ಗೋಡೆಯೊಳಗೆ ಎದೆಮಟ್ಟದ ಒಲೆ ಕಟ್ಟಿಸಿದ ಮಹಾನುಭಾವನನ್ನು ನಾನು ನೋಡಿಲ್ಲ. ನೋಡಿದ್ದರೆ ಒಂದು ಬೀಸಣಿಗೆ ಕೊಟ್ಟು ಕೂರಿಸಿ ವಿಚಾರಿಸುತ್ತಿದ್ದೆ. ಯಾರೋ ಇಂಗ್ಲಿಷ್ ಎಂಜಿನಿಯರ್ ದೊರೆಯಂತೆ. ತನ್ನೂರಿನ ಮನೆಯ ನಕ್ಷೆಯನ್ನೇ ಹೊತ್ತು ತಂದು ಇಲ್ಲಿ ಇಳಿಸಿದ್ದ. ಊರವರು ಅದನ್ನು ‘ದೊರೆ ಒಲೆ’ ಎನ್ನುತ್ತಿದ್ದರು. ದೊರೆ ಹೋದ ಮೇಲೆ ಬಂಗಲೆ ಶಿರಾದ ಕಡಲೆಕಾಯಿ ವ್ಯಾಪಾರಿಯೊಬ್ಬರ ಕೈಸೇರಿ, ಅವರಿಂದ ನಾವು ಬಾಡಿಗೆಗೆ ಹಿಡಿದೆವು. ಊರ ಹೊರಗಿದ್ದ ಆ ಮನೆಗೆ ಬೇರೆ ಯಾರೂ ಆಸೆಪಟ್ಟಿರಲಿಲ್ಲ.

ನನ್ನ ಯಜಮಾನರು ಆಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಾಗದಪತ್ರದಲ್ಲಿ ಊರು ಮಧುಗಿರಿಯಾಗಿದ್ದರೂ ಜನರ ಬಾಯಲ್ಲಿ ಇನ್ನೂ ಮದ್ದಗಿರಿಯೇ ಆಗಿದ್ದ ಕಾಲ. ನನ್ನ ತವರು ಕೊರಟಗೆರೆ ಎಂದು ಹೇಳಿಕೊಳ್ಳುತ್ತೇನೆ, ಆದರೆ ಅಲ್ಲಿ ತವರು ಎನ್ನುವಂಥದ್ದು ಏನೂ ಇರಲಿಲ್ಲ. ನಾನು ನಡೆಯುವುದನ್ನು ಕಲಿಯುವ ಮೊದಲೇ ಅವ್ವ ಹೋಗಿದ್ದಳು. ಸಾಕಿದ ಸೋದರಮಾವ ಮದುವೆ ಮಾಡಿಕೊಟ್ಟು ಕೈತೊಳೆದುಕೊಂಡಿದ್ದ. ಚೊಚ್ಚಲ ಬಸುರಿಯಾದಾಗ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಗಾಡಿ ಕಟ್ಟಿಸಿಕೊಂಡು ಹೋಗುತ್ತಾರೆ. ನಾನು ಮಾತ್ರ ಬಂಗಲೆಯ ಮೆಟ್ಟಿಲ ಮೇಲೆ ಕೂತು ಹೋಗುವ ಗಾಡಿಗಳನ್ನು ನೋಡುತ್ತಿದ್ದೆ. ಹೆರಿಗೆಗೆ ಯಾರು ಎಂಬ ಪ್ರಶ್ನೆ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಕೊನೆಗೆ ತೋವಿನಕೆರೆಯಿಂದ ಅತ್ತೆಯವರೇ ಬರುತ್ತೇನೆಂದು ಹೇಳಿ ಕಳಿಸಿದರು. ಚೊಚ್ಚಲ ಬಾಣಂತನವನ್ನು ಅತ್ತೆ ಮಾಡುವುದು ನಮ್ಮ ಕಡೆ ರೂಢಿಯಲ್ಲ. ಸುದ್ದಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಅವರು ದೊಡ್ಡ ಗಂಟು ಹೊತ್ತು ಬಂದಿಳಿದರು. ಒಣಶುಂಠಿ, ಮೆಣಸು, ಓಮ, ಬೆಳ್ಳುಳ್ಳಿ, ಮನೆಯಲ್ಲೇ ಕಾಸಿದ ಹರಳೆಣ್ಣೆ, ಮಗುವಿಗೆ ಸುತ್ತಲು ಒಗೆದೊಗೆದು ಮೆತ್ತಗಾದ ಹಳೇ ಸೀರೆ. ಹಣೆ ತುಂಬ ವಿಭೂತಿ, ಗಟ್ಟಿ ಧ್ವನಿ, ಎತ್ತರದ ಹೆಂಗಸು. ಪಡಸಾಲೆಗೆ ಬಂದು ಇನ್ನೂ ಕೂರುವ ಮೊದಲೇ ಗೋಡೆಯಲ್ಲಿ ಬಾಯಿ ತೆರೆದಿದ್ದ ಆ ಒಲೆ ಅವರ ಕಣ್ಣಿಗೆ ಬಿತ್ತು.

“ಇದೇನ್ಲಾ ಇದು?”

“ಒಲೆ ಕಣವ್ವಾ. ದೊರೆಗಳು ಚಳಿಗೆ ಉರಿ ಹಾಕ್ಕಂತಿದ್ರಂತೆ,” ಎಂದರು ಇವರು, ತಾವೇ ಕಟ್ಟಿಸಿದಷ್ಟು ಜಂಬದಿಂದ.

“ನೀವ್ ಯಾವಾಗ್ ಹಾಕ್ತೀರಿ?”

“ನಾವ್ಯಾಕ್ ಹಾಕಾನ? ಇಲ್ಲಿ ಮೊದ್ಲೇ ಸೆಕೆಗೆ ಜೀವ ಹೋಯ್ತೈತೆ.”

ಅತ್ತೆ ಇಳಿಸಿದ್ದ ಗಂಟನ್ನು ಮತ್ತೆ ಸೊಂಟಕ್ಕೇರಿಸಿ ಹೊರಗೆ ಜಗುಲಿಗೆ ನಡೆದುಬಿಟ್ಟರು. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ನಮ್ಮಲ್ಲಿ ಮನೆಯ ಒಲೆ ಆರಿರುವುದು ಸಾವಿನ ಸೂತಕದಲ್ಲಿ ಮಾತ್ರ. ಆಗ ನೆಂಟರು ಅಕ್ಕಪಕ್ಕದವರು ಬುತ್ತಿ ತಂದು ಉಣ್ಣಿಸುತ್ತಾರೆ. ಮನೆಯೊಳಗೆ ಒಲೆ ಇದ್ದೂ ಅದರಲ್ಲಿ ಉರಿ ಇಲ್ಲವೆಂದರೆ ಅದು ಸತ್ತವರ ಮನೆ. ಬಸುರಿಯನ್ನು ಅಂಥ ಮನೆಯಲ್ಲಿಟ್ಟು ಹೆರಿಗೆ ಮಾಡಿಸಲು ತನ್ನಿಂದಾಗದು, ನಾಳೆಯೇ ಹೊರಡುತ್ತೇನೆ ಎಂದರು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಲೇ ಇದೆಯಲ್ಲ ಎಂದು ನಾನು ಹೇಳಿದ್ದು ಗಾಳಿಗೆ ಹೋಯಿತು.

ಮಗ ತಾಯಿಯ ಕಾಲಿಗೆ ಬೀಳುವುದೊಂದು ಬಾಕಿ. ಸರಿ, ಉರಿ ತಾನೇ ಬೇಕು, ಹಾಕಿದರಾಯಿತು ಎಂದು ಹಿತ್ತಲಿಂದ ಒಂದು ಮಂಕರಿ ಕಡಲೆಕಾಯಿ ಸಿಪ್ಪೆ ತಂದು ದೊರೆ ಒಲೆಗೆ ಸುರಿದು ಕಡ್ಡಿ ಗೀರಿದರು. ಹೊಗೆ ಮೇಲೆ ಹೋಗಬೇಕಾದದ್ದು ಮೇಲೆ ಹೋಗಲಿಲ್ಲ. ಪಡಸಾಲೆಗೆ ನುಗ್ಗಿತು. ಹೊಗೆಯ ಹಿಂದೆಯೇ ಗುಂಯ್ ಎನ್ನುವ ಸದ್ದು. ಹೊಗೆಗೂಡಿನಲ್ಲಿ ತುಡುವೆ ಜೇನು ಹುಟ್ಟಿಟ್ಟುಕೊಂಡು ಯಾವ ಕಾಲದಿಂದಲೋ ಬಾಡಿಗೆಯಿಲ್ಲದೆ ವಾಸವಾಗಿತ್ತು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಅಂಗಳಕ್ಕೆ ಓಡಿದೆ. ಇವರು ಕಿವಿ ಹಿಡಿದುಕೊಂಡು ನನ್ನ ಹಿಂದೆ.

ಜಗುಲಿಯಿಂದ ಅತ್ತೆಯ ಗುಡುಗು. “ಆರಿಸ್ಲಾ ಮೊದ್ಲು! ಬಸುರಿ ಗಂಡ ಗೂಡಿಗೆ ಹೊಗೆ ಇಕ್ತಾನೇನ್ಲಾ? ನಿನ್ ಮನೇಲೂ ಒಂದು ಗೂಡು ಆಯ್ತಾ ಐತೆ, ಗ್ಯಾನ ಇಲ್ವಾ ನಿಂಗೆ?”

ಬಸುರಿ ಹೆಂಗಸಿನ ಗಂಡ ಹಾವು ಹೊಡೆಯಬಾರದು, ಹೆಣ ಹೊರಬಾರದು, ಗೂಡು ಕೀಳಬಾರದು. ಇದನ್ನು ನಾನೂ ಕೇಳಿದ್ದೆ. ಸಿಪ್ಪೆಯ ಮೇಲೆ ಮಣ್ಣೆರಚಿ ಆರಿಸಿದ್ದಾಯಿತು. ಇವರ ಕಿವಿ ಎರಡು ದಿನ ಹಲಸಿನ ತೊಳೆಯಷ್ಟು ದಪ್ಪಗಿತ್ತು.

ಹಾಗಾದರೆ ಇಟ್ಟಿಗೆಯಿಟ್ಟು ಬಾಯಿ ಮುಚ್ಚಿಸಿಬಿಡೋಣ ಎಂದೆ. ಅದೂ ಕೂಡದು. ಹೆರಿಗೆಯಾಗಬೇಕಾದ ಮನೆಯಲ್ಲಿ ತೆರೆದಿರುವ ಬಾಯಿಯನ್ನು ಮುಚ್ಚಿದರೆ ಹೆರುವವಳಿಗೆ ಕಷ್ಟವಂತೆ. ನೋವು ಬಂದಾಗ ಪೆಟ್ಟಿಗೆಯ ಬೀಗವನ್ನೂ ತೆಗೆದಿಡುವ ಜನ ನಾವು, ಗೋಡೆ ಎಬ್ಬಿಸುವುದುಂಟೆ? ಹೀಗೆ ಉರಿ ಹಾಕುವಂತಿಲ್ಲ, ಹಾಕದೆ ಇರುವಂತಿಲ್ಲ, ಮುಚ್ಚುವಂತಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಬಸುರಿಯಾದ ಮೇಲೆ ಅದು ಇನ್ನೂ ಮುಂದಕ್ಕೆ ಬಂದಿತ್ತು.

“ಅತ್ತೆ, ಹಂಗಾದ್ರೆ ಏನ್ ಮಾಡ್ಬೇಕು ಅಂತ ನೀವೇ ಹೇಳ್ಬುಡಿ,” ಎಂದೆ.

“ಬ್ಯಾರೆ ಮನೆ ನೋಡ್ಲಿ,” ಎಂದರು, ನನ್ನ ಮುಖ ನೋಡದೆ.

ಬೇರೆ ಮನೆ ಅಷ್ಟು ಸುಲಭಕ್ಕೆ ಸಿಗುವಂತಿರಲಿಲ್ಲ. ಮಗನ ಬಲವಂತಕ್ಕೆ ಅವರು ನಾಲ್ಕು ದಿನ ನಿಲ್ಲಲು ಒಪ್ಪಿ, ಜಗುಲಿಯ ತುದಿಯಲ್ಲಿ ಮೂರು ಕಲ್ಲು ಹೂಡಿ ತಮ್ಮ ಮುದ್ದೆ ತಾವೇ ಬೇಯಿಸಿಕೊಂಡರು. ಒಳಗೆ ಕಾಲಿಡಲಿಲ್ಲ. ಬಾಗಿಲ ಹೊರಗಿನಿಂದಲೇ ನನ್ನ ಹೊಟ್ಟೆ, ಪಾದ, ಮುಖದ ಬಣ್ಣ ಎಲ್ಲವನ್ನೂ ನೋಡುತ್ತಿದ್ದರು. ಆ ನಾಲ್ಕು ದಿನದಲ್ಲಿ ನಾನು ಆ ಒಲೆಯನ್ನು ಒಲೆಯಲ್ಲದಂತೆ ಮಾಡಬೇಕಿತ್ತು. ಇಲ್ಲದಿದ್ದರೆ ನನಗಿದ್ದ ಒಬ್ಬರೇ ಒಬ್ಬ ಹೆಂಗಸು ತೋವಿನಕೆರೆಯ ಗಾಡಿ ಹತ್ತುತ್ತಿದ್ದರು.

ಮೊದಲು ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ, ಮಣಿ ಪೋಣಿಸಿ ಒಲೆಯ ಬಾಯಿಗೆ ಪರದೆ ಕಟ್ಟಿದೆ. ನನ್ನ ಕಣ್ಣಿಗೆ ಬಹಳ ಚೆನ್ನಾಗಿ ಕಂಡಿತು. ಅತ್ತೆ ಬಾಗಿಲಿನಿಂದ ಕತ್ತು ನೀಡಿ, “ಸೀರೆ ಉಡ್ಸಿದ್ರೆ ಹೆಣ ಮದುವಣಗಿತ್ತಿ ಆಯ್ತದಾ?” ಎಂದರು. ಪರದೆ ಕಿತ್ತೆಸೆದೆ.

ಆಮೇಲೆ ನವರಾತ್ರಿಯ ಪೆಟ್ಟಿಗೆ ತೆಗೆದು ಪಟ್ಟದ ಗೊಂಬೆಗಳನ್ನು ಕೂರಿಸಿದೆ. ಎರಡು ಪಕ್ಕ ಸಿಪಾಯಿಗಳು, ಮುಂದೆ ಒಂದು ಮಣ್ಣಿನ ಆನೆ. ನಮ್ಮ ಮನೆಯಲ್ಲೇ ಅರಮನೆ ಇಳಿದಂತಿತ್ತು. ಅತ್ತೆ ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟರು. “ಪಾಪ, ರಾಜ ರಾಣೀನ ಒಲೆಗೆ ಇಟ್ಬುಟ್ಟೆಯಲ್ಲೇ ಹೆಣ್ಣೆ. ಅವ್ರೇನ್ ತಪ್ಪು ಮಾಡಿದ್ರು?” ನಗಬಾರದೆಂದು ಎಷ್ಟು ತುಟಿ ಕಚ್ಚಿದರೂ ನನಗೆ ನಗು ಬಂದುಬಿಟ್ಟಿತು. ಅವರೂ ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ಒಳಗೆ ಬರಲಿಲ್ಲ.

ಗೊಂಬೆಗಳನ್ನು ಎತ್ತಿಟ್ಟು, ಬಿದ್ದ ಮಸಿ ಗುಡಿಸಲೆಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ತಲೆಯನ್ನು ಒಲೆಯೊಳಗೆ ತೂರಿಸಿದಾಗ ಹಣೆಗೆ ತಣ್ಣಗೆ ಏನೋ ತಾಗಿತು. ಗಾಳಿ. ಜೇನುಹುಟ್ಟಿನ ಪಕ್ಕದ ಸಂದಿಯಲ್ಲಿ ದಾರಿ ಮಾಡಿಕೊಂಡು, ಸಣ್ಣಗೆ, ಒಂದೇ ಸಮನೆ ಎಳೆಯುವ ಗಾಳಿ. ಇಡೀ ಮದ್ದಗಿರಿಯಲ್ಲಿ ಎಲೆ ಅಲುಗದಿದ್ದ ಮಧ್ಯಾಹ್ನ ಅದು. ನಾನು ಗುಡಿಸುವುದನ್ನು ಬಿಟ್ಟು ಬಹಳ ಹೊತ್ತು ಹಾಗೆಯೇ ಒಲೆಗೆ ತಲೆ ಕೊಟ್ಟು ಕೂತಿದ್ದೆ. ಚಳಿಯ ದೇಶದವನು ಬೆಂಕಿಗೆಂದು ಕಟ್ಟಿದ್ದು ನಮ್ಮ ಸೆಕೆಯ ಊರಿನಲ್ಲಿ ತಂಪು ಕೊಡುತ್ತಿತ್ತು!

ಕೊಳಾಲದ ಕಡೆಯಿಂದ ತಂದ ಕರಿ ಮಡಕೆಗಳು ಎರಡಿದ್ದವು. ಒಲೆಯ ತಳಕ್ಕೆ ಮರಳು ಸುರಿದು, ನೆನೆಸಿ, ಮಡಕೆ ಕೂರಿಸಿ, ಸುತ್ತ ಒದ್ದೆ ಬಟ್ಟೆ ಸುತ್ತಿದೆ. ಒಲೆಯ ಒಳಮೈಯ ಮಸಿ ಕೆರೆದು ಕೆಮ್ಮಣ್ಣು ಬಳಿದು, ಬಿಳಿ ಸುದ್ದೆಮಣ್ಣಿನಿಂದ ಬಳ್ಳಿ ಬರೆದೆ. ಉಸಿರು ಕಟ್ಟುತ್ತಿದ್ದ ಹೊಟ್ಟೆ ಹೊತ್ತುಕೊಂಡು ಅಷ್ಟೆಲ್ಲ ಹೇಗೆ ಮಾಡಿದೆನೋ! ಭಯವೊಂದಿತ್ತು. ಒಲೆಗೆ ನೀರು ಹಾಕುವುದು ನಮ್ಮಲ್ಲಿ ಅಪಶಕುನಗಳಲ್ಲಿ ದೊಡ್ಡದು, ಅತ್ತೆ ಕಂಡರೆ ಆ ಕ್ಷಣವೇ ಹೊರಡುತ್ತಾರೆ ಎಂದುಕೊಂಡು ಕಿತ್ತೆಸೆದಿದ್ದ ಪರದೆಯನ್ನೇ ಮತ್ತೆ ಎಳೆದು ಕಟ್ಟಿದೆ.

ಹೇಳಿದ ನಾಲ್ಕು ದಿನ ಮುಗಿದ ಬೆಳಿಗ್ಗೆ ಅತ್ತೆ ಗಂಟು ಕಟ್ಟಿಕೊಂಡು ಗಾಡಿಗೆ ಕಾಯುತ್ತಿದ್ದರು. ಇವರು ಪೆಚ್ಚು ಮುಖ ಹಾಕಿಕೊಂಡು ಒಳಗೆ ಬಂದು ನೀರು ಕೇಳಿದರು. ನಾನು ಪರದೆ ಸರಿಸಿ ಮಡಕೆಯಿಂದ ಒಂದು ಚೊಂಬು ಬಗ್ಗಿಸಿಕೊಟ್ಟೆ. ಒಂದು ಗುಟುಕು ಕುಡಿದವರು, ದುಃಖದಲ್ಲಿದ್ದೇನೆ ಎಂಬುದನ್ನೂ ಮರೆತು, “ಅಬ್ಬಬ್ಬಾ!” ಎಂದರು. ಗಟಗಟ ಕುಡಿದು ಇನ್ನೊಂದು ಚೊಂಬು ಕೇಳಿದರು.

ಆ ಸದ್ದಿಗೆ ಅತ್ತೆ ಹೊಸ್ತಿಲ ಬಳಿ ಬಂದರು. ಪರದೆ ಸರಿದಿತ್ತು. ಎದುರಿನ ಕಿಟಕಿಯಿಂದ ಎಳೇಬಿಸಿಲು ನೆಟ್ಟಗೆ ಒಲೆಯೊಳಗೆ ಬಿದ್ದಿತ್ತು. ಅವರ ಕಣ್ಣು ಮಡಕೆಗಳ ಮೇಲೆ ಹೋಯಿತು. ನಾನು ಕೆಟ್ಟೆ ಎಂದುಕೊಂಡೆ. ಆದರೆ ಅವರು ನೋಡುತ್ತಿದ್ದುದು ಮಡಕೆಗಳನ್ನಲ್ಲ, ಮರಳನ್ನು. ರಾಗಿ ಕೇರುವ ಮೊರವನ್ನು ನಾನು ಯಾವಾಗಲೋ ಅದರ ಪಕ್ಕದಲ್ಲಿ ಇಟ್ಟಿದ್ದೆನೆಂದು ಕಾಣುತ್ತದೆ. ಚೆಲ್ಲಿದ ಕಾಳು ಒದ್ದೆ ಮರಳಿಗೆ ಬಿದ್ದು, ಮಡಕೆಯ ಸುತ್ತ ಬಳೆಯ ಹಾಗೆ ಮೊಳಕೆ ಬಂದಿತ್ತು. ಮದುವೆಮನೆಯಲ್ಲಿ ದೇವರ ಮುಂದೆ ಮಣ್ಣಿನ ಕುಡಿಕೆಗಳಲ್ಲಿ ಬೆಳೆಸುತ್ತೇವಲ್ಲ, ಅದೇ ತಿಳಿಹಳದಿ ಬಣ್ಣದ ಸಣ್ಣ ಸಣ್ಣ ಕುಡಿ. ನಾನೂ ಆಗಲೇ ನೋಡಿದ್ದು.

“ನೋಡಿ ಅತ್ತೆ,” ಎಂದೆ. ಧೈರ್ಯ ಎಲ್ಲಿಂದ ಬಂತೋ! “ಮೊಳಕೆ ಬಂದ ಜಾಗ ಒಲೆ ಹೆಂಗಾಯ್ತದೆ? ಯಾವ ಒಲೇಲಿ ಪೈರು ಬಂದೈತೆ?”

ಅವರು ಹೊಸ್ತಿಲು ದಾಟಿ ಒಳಗೆ ಬಂದು, ಒಲೆಯ ಮುಂದೆ ಕೂತು, ಒಂದು ಬೆರಳಿನಿಂದ ಆ ಕುಡಿಗಳನ್ನು ಮೆಲ್ಲಗೆ ಸವರಿದರು. ನಾನು ಗೆದ್ದೆ ಎಂದು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಅವರ ಭುಜ ಅಲುಗಿತು. ಆ ಗಟ್ಟಿ ಹೆಂಗಸು ಅಳುತ್ತಿದ್ದರು.

“ಒಲೆ ಒಂದು ನೆಪ ಕಣವ್ವಾ,” ಎಂದರು. “ನನ್ ಮಗಳೂ ಚೊಚ್ಚಲಿಗೆ ಅಂತ ತವರಿಗ್ ಬಂದಿದ್ಲು. ಇದೇ ಕೈಯಾಗೆ ಬಾಣಂತನ ಮಾಡ್ತೀನಿ ಅಂತ ಜಂಬದಾಗೆ ಕರ್ಕಂಡ್ ಬಂದಿದ್ದೆ. ತಾಯೀನೂ ಉಳೀಲಿಲ್ಲ, ಕೂಸೂ ಉಳೀಲಿಲ್ಲ. ಆರಿದ್ ಒಲೆ ಮುಂದೆ ಕುಂತಿದ್ದೆ ನಾನು, ಅದರ ಬಾಯಿ ನೋಡ್ಕಂಡು. ಈ ಮನೆಗ್ ಬಂದು ಇದನ್ನ ನೋಡ್ತಿದ್ದಂಗೇ ಎಲ್ಲಾ ಎದ್ದು ಬಂತು. ನನ್ ಕೈಗುಣ ಸರಿ ಇಲ್ಲ ಕಣ್ ಮಗಾ. ನಿಂಗೂ ಏನಾದ್ರೂ ಆದ್ರೆ? ಕಳಿಸ್ಬುಡು ನನ್ನ.”

ಇವರಿಗೊಬ್ಬಳು ಅಕ್ಕ ಇದ್ದಳು, ಜ್ವರದಲ್ಲಿ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಅಕ್ಕ ಹೋದಾಗ ತೀರಾ ಚಿಕ್ಕವರಾಗಿದ್ದ ಇವರಿಗೂ ಅಷ್ಟೇ ಗೊತ್ತಿತ್ತೆಂದು ಆಗ ಇವರ ಮುಖ ನೋಡಿ ತಿಳಿಯಿತು. ಚೊಂಬು ಹಿಡಿದುಕೊಂಡೇ ನಿಂತಿದ್ದರು. ನನಗೆ ನಾಚಿಕೆ, ಸಂಕಟ, ಅದರ ಮೇಲೆ ಸಿಟ್ಟು, ಎಲ್ಲ ಒಟ್ಟಿಗೇ ಬಂತು. ಇಷ್ಟು ದಿನ ಈ ಹೆಂಗಸು ಜಗುಲಿಯ ಮೇಲೆ ಕೂತು ಹೆದರಿಕೊಂಡಿದ್ದದ್ದು ನನ್ನ ಸಲುವಾಗಿ.

“ನಂಗೆ ಕೈಗುಣ ಬ್ಯಾಡ ಅತ್ತೆ, ಕೈ ಬೇಕು,” ಎಂದೆ. “ನಿಮ್ಮನ್ನ ಬುಟ್ರೆ ನಂಗೆ ಯಾರವ್ರೆ?”

ಗಾಡಿ ಬಂದು ನಿಂತಿತ್ತು. ಗಾಡಿಯವನು ಎರಡು ಸಲ ಕೂಗಿದ. ಅತ್ತೆ ಮೂಗು ಒರೆಸಿಕೊಂಡು ಎದ್ದು, “ಓಗ್ ಹೇಳ್ಲಾ ಅವನ್ಗೆ, ಬರಲ್ಲ ಅಂತ,” ಎಂದು ಮಗನಿಗೆ ಗದರಿ, ಮಡಕೆಗೆ ಕೈಹಾಕಿ ತಾವೂ ಒಂದು ಚೊಂಬು ನೀರು ಕುಡಿದರು. ಆಮೇಲೆ ಗಂಟು ಬಿಚ್ಚಿ ಓಮ, ಶುಂಠಿ ಬಿಸಿಲಿಗೆ ಹರವಿದರು.

ನನಗೆ ನೋವು ಬಂದದ್ದು ಒಂದು ಬೆಳಿಗ್ಗೆ, ಬಾವಿಕಟ್ಟೆಯಲ್ಲಿ. ಸೂಲಗಿತ್ತಿ ಬಂದಳು. ಹೊತ್ತು ಏರಿದರೂ ಮಗು ಬರಲಿಲ್ಲ. ಅತ್ತೆ ಮನೆಯ ಬಾಗಿಲು, ಕಿಟಕಿ, ಪೆಟ್ಟಿಗೆ, ಡಬ್ಬಿ, ನನ್ನ ತಲೆಗೂದಲ ಗಂಟು, ಎಲ್ಲವನ್ನೂ ಬಿಚ್ಚಿದರು. ದೊರೆ ಒಲೆಯ ಮಡಕೆಗಳ ಮುಚ್ಚಳವನ್ನೂ ತೆಗೆದಿಟ್ಟರು. ನಾನು ಮಲಗಿದ್ದ ಕೋಣೆಯ ಬಾಗಿಲು ಪಡಸಾಲೆಗೇ ತೆರೆಯುತ್ತಿತ್ತು. ಜೇನುಹುಳುಗಳು ಇಳಿದಿಳಿದು ಬಂದು ಒದ್ದೆ ಮರಳಿನಲ್ಲಿ ನೀರು ಕುಡಿದು ಮೇಲೆ ಹೋಗುವುದು ಅಲ್ಲಿಂದ ಕಾಣುತ್ತಿತ್ತು. ನನ್ನ ಕೈ ಹಿಡಿದಿದ್ದ ಅತ್ತೆಯ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಆದರೆ ಒಮ್ಮೆಯೂ ಬಿಡಲಿಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ಧೈರ್ಯವಂತರು ಬೇಕಾದಷ್ಟು ಜನ ಸಿಕ್ಕಿದ್ದಾರೆ ನನಗೆ. ಅಷ್ಟು ಹೆದರಿಕೊಂಡೂ ನನ್ನ ಪಕ್ಕದಲ್ಲಿ ಕೂತವರು ಅವರೊಬ್ಬರೇ.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅಳು ಕೇಳಿದ ಕೂಡಲೇ ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮಗುವಿನ ನಾಲಿಗೆಗೆ ತಾಕಿಸಲು ಜೇನು ಬೇಕಲ್ಲ, ಮನೆಯಲ್ಲೇ ಇದೆ ಎಂದು ಇವರು ಹೊಗೆಗೂಡಿನ ಕಡೆ ನೋಡಿದಾಗ ಮಾತ್ರ ಅತ್ತೆಗೆ ಹಳೇ ಧ್ವನಿ ಬಂತು. “ಅದಕ್ಕೆ ಕೈ ಇಕ್ಕೀಯ! ನಮ್ಮನ್ನ ನಂಬ್ಕಂಡ್ ಇರೋ ಜೀವ ಅವು. ಅಂಗಡೀಲಿ ತತ್ತಾ ಓಗು.”

ಇನ್ನು ಬಾಣಂತನದ ಸುಖ. ತಲೆಗೆ ಕಿವಿಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು. ಬಾಣಂತಿಗೆ ತಣ್ಣೀರು ವರ್ಜ್ಯ. ಕುದಿಸಿದ ಓಮದ ನೀರು, ಅದೂ ಎಣಿಸಿದ ಗುಟುಕು. ಎದುರಿಗೆ ಪಡಸಾಲೆಯಲ್ಲಿ ಇಡೀ ಮದ್ದಗಿರಿಯಲ್ಲೇ ತಣ್ಣನೆಯ ನೀರು! ಕಚೇರಿಯವರು ಕುಡಿದರು, ಬಾಗಿಲಿಗೆ ಬಂದ ಜಂಗಮಯ್ಯನವರು ಕುಡಿದು ಹರಸಿದರು, ಎಲ್ಲಿಯವರೋ ದಾರಿಹೋಕರು ಕೇಳಿಕೊಂಡು ಬಂದು ಕುಡಿದರು. ಅದನ್ನು ಕಂಡುಹಿಡಿದ ನಾನು ಮಂಚದ ಮೇಲೆ ಬೆವರುತ್ತ ನಾಲಿಗೆ ಚಪ್ಪರಿಸುತ್ತಿದ್ದೆ. ಒಂದೇ ಒಂದು ಗುಟುಕು ಅತ್ತೆ ಎಂದು ಬೇಡಿಕೊಂಡರೂ ಆ ಹೆಂಗಸು ಕರಗಲಿಲ್ಲ. ನೀರಿನ ಮೇಲೆ ಅಷ್ಟು ಆಸೆ ನನಗೆ ಬದುಕಿನಲ್ಲಿ ಮತ್ತೆಂದೂ ಆಗಿಲ್ಲ.

ಬಾವಿಯ ಹತ್ತಿರ ಗಂಗೆ ಪೂಜೆ ಮಾಡಿಸಿ, ಬಿಂದಿಗೆ ಹೊರಿಸಿ ನನ್ನನ್ನು ಒಳಗೆ ಕರೆತಂದ ದಿನ, ಅತ್ತೆ ದೊರೆ ಒಲೆಯ ಮುಂದೆ ಮಣೆ ಹಾಕಿ ಕೂರಿಸಿದರು. ಬೆಳ್ಳಿಯ ಲೋಟ ಒಂದೇ ಇದ್ದದ್ದು ಮನೆಯಲ್ಲಿ. ಅದರಲ್ಲಿ ನೀರು ಬಗ್ಗಿಸಿ ತಾವೇ ನನ್ನ ಬಾಯಿಗೆ ಹಿಡಿದರು. “ಈಗ ಕುಡಿ ಮಗಾ, ಗೆದ್ದೆ ನೀನು,” ಎಂದರು. ಗೆದ್ದದ್ದು ಯಾರೆಂದು ನನಗೆ ಗೊತ್ತಿತ್ತು. ಅಷ್ಟು ದಿನ ಆಸೆಪಟ್ಟಿದ್ದ ನೀರನ್ನು ಒಂದೇ ಉಸಿರಿಗೆ ಕುಡಿದು, ಲೋಟವನ್ನು ಮತ್ತೆ ಅವರ ಕಡೆ ನೀಡಿದೆ.

ಮುಂದೆ ಇವರಿಗೆ ಪಾವಗಡಕ್ಕೆ ವರ್ಗವಾಯಿತು. ನಾನು ಮತ್ತೆ ಬಸುರಿ. ಮನೆ ಗೊತ್ತುಮಾಡಿ ಬಂದ ಮಗನನ್ನು ಅತ್ತೆ ಕೇಳಿದ ಮೊದಲ ಮಾತು, “ಆ ಮನೇಲಿ ಉರಿ ಇಲ್ದಿದ್ ಒಲೆ ಐತೇನ್ಲಾ?”

“ಇಲ್ಲವ್ವಾ, ನೀನ್ ಹೆದರ್ಬ್ಯಾಡ,” ಎಂದರು ಇವರು.

ಅತ್ತೆಯ ಮುಖ ಬಾಡಿತು. ನಮಗಿಂತ ಹದಿನೈದು ದಿನ ಮುಂಚೆ ತಾವೊಬ್ಬರೇ ಪಾವಗಡಕ್ಕೆ ಹೋದರು. ನಾನು ಮಗಳನ್ನು ಎತ್ತಿಕೊಂಡು ಗಾಡಿಯಿಂದ ಇಳಿದು ಒಳಗೆ ಹೋಗಿ ನೋಡಿದರೆ, ಮಣ್ಣಿನ ಗೋಡೆ ಕೊರೆಸಿ, ಮೇಲಕ್ಕೆ ಗಾಳಿಕಂಡಿ ಬಿಡಿಸಿ, ಎದೆಮಟ್ಟದ ಒಲೆಯೊಂದನ್ನು ಕಟ್ಟಿಸಿ ನಿಂತಿದ್ದರು. ಕೆಮ್ಮಣ್ಣು ಬಳಿದಿತ್ತು. ನಾನು ಬರೆದಿದ್ದ ಬಳ್ಳಿಯನ್ನೇ ನೆನಪಿನಿಂದ ಸೊಟ್ಟಸೊಟ್ಟಗೆ ಬರೆದಿದ್ದರು. ಮರಳು, ಮಡಕೆ, ಮರಳಿನ ಅಂಚಿಗೆ ಬೇಕೆಂದೇ ಚೆಲ್ಲಿದ ರಾಗಿ, ಆಗಲೇ ಬೆರಳುದ್ದ ಮೊಳೆತಿತ್ತು.

ಪಕ್ಕದ ಮನೆಯ ತೆಲುಗಿನ ಹೆಂಗಸು ಬಾಗಿಲಲ್ಲಿ ನಿಂತು ಬೆರಗಾಗಿ ನೋಡುತ್ತಿದ್ದಳು. “ಇದೇಮಿ ಪೊಯ್ಯಮ್ಮಾ, ಮಂಟೇ ಲೇದು?” ಎಂದಳು. ಇದೇನು ಒಲೆಯಮ್ಮಾ, ಉರಿಯೇ ಇಲ್ಲವಲ್ಲ ಎಂದು.

ಅತ್ತೆ ನನ್ನ ತೋಳಿನಿಂದ ಮಗುವನ್ನು ಎತ್ತಿಕೊಳ್ಳುತ್ತ ಹೇಳಿದರು. “ಉರಿಗಲ್ಲ ಕಣಮ್ಮ. ನನ್ ಮಗಳು ಬಾಣಂತನಕ್ಕೆ ತವರಿಗ್ ಬಂದವ್ಳೆ. ಎದ್ದ ದಿನ ಅವಳಿಗೆ ತಣ್ಣೀರು ಬೇಕು.”